ಎರಡು ಮೊಸಳೆ, ಒಂದು ಹೊಟ್ಟೆ

ಶನಿವಾರ ಬೆಳಿಗ್ಗೆ ಆರೂಕಾಲಿಗೆ ಸಾರ್ಪಾಂಗ್‌ಗೆ ಮೊಸಳೆ ಸಿಕ್ಕಿತು. ಅವನು ಹುಡುಕುತ್ತಿದ್ದದ್ದು ಕನ್ನಡಕ. ಪೆಟ್ಟಿಗೆಯ ಹಿಂದೆ ಕೈಹಾಕಿದಾಗ ಹೆಬ್ಬೆರಳುದ್ದದ ಹಿತ್ತಾಳೆ ಬೊಂಬೆ ಬಂತು. ಎರಡು ತಲೆ, ಎರಡು ಬಾಲ, ನಡುವೆ ಒಂದೇ ಹೊಟ್ಟೆ. ಅಜ್ಜಂದಿರು ಚಿನ್ನದ ಪುಡಿ ತೂಗಲು ತಕ್ಕಡಿಗೆ ಹಾಕುತ್ತಿದ್ದ ತೂಕ.

ಅವನು ನೆಲದ ಮೇಲೆಯೇ ಕೂತುಬಿಟ್ಟ. ಇಂಥದೇ ತನ್ನ ಮೊಸಳೆಯನ್ನು ಸಾರ್ಪಾಂಗ್ ಕದ್ದನೆಂದೇ ಎದುರು ಕೋಣೆಯ ಬೊಂಸು ಹನ್ನೊಂದು ವರ್ಷದ ಹಿಂದೆ ಮಾತು ಬಿಟ್ಟಿದ್ದ. ಇಬ್ಬರಿಗೂ ಈ ಬೊಂಬೆಗಳನ್ನು ಕೂಡಿಡುವ ಹುಚ್ಚು. ಸಂಜೆಯಾದರೆ ಒಟ್ಟಿಗೆ ಅಳಗುಳಿ ಮಣೆ ಆಡುತ್ತಿದ್ದರು. ಈಗ ಕುಮಾಸಿ ನಗರದ ಆ ವಠಾರದ ಒಂದೇ ನಲ್ಲಿಯಲ್ಲಿ ನೀರು ಹಿಡಿದರೂ ಮುಖ ನೋಡುವುದಿಲ್ಲ. ಸಾರ್ಪಾಂಗ್ ಎಡಗೈಯನ್ನು ಬಲಗೈಗೆ ಎದುರಾಳಿ ಮಾಡಿಕೊಂಡು ಒಬ್ಬನೇ ಆಡುತ್ತಿದ್ದ. ಬಲಗೈ ಮೋಸ ಮಾಡುತ್ತದೆಂದು ಆಗಾಗ ಗೊಣಗುತ್ತಿದ್ದ.

ಬೊಂಸುವಿನ ಮೊಸಳೆ ತನ್ನ ಕೋಣೆಗೆ ಹೇಗೆ ಬಂತೋ ಅವನಿಗೆ ತಿಳಿಯದು. ಕೈಯಲ್ಲಿ ಕೊಟ್ಟರೆ ಕಳ್ಳನೆಂಬುದು ಖಾತ್ರಿಯಾಗುತ್ತದೆ. ಕಿಟಕಿಯಿಂದ ಒಳಗೆ ಹಾಕಿಬಿಟ್ಟರೆ, ಬೊಂಸು ತಾನೇ ಎಲ್ಲೋ ಇಟ್ಟು ಮರೆತೆನೆಂದು ನಾಚಿ, ಮಣೆ ಹಿಡಿದು ಬಂದರೂ ಬರಬಹುದು.

ಬೊಂಸು ಸ್ನಾನಕ್ಕೆ ಹೋದದ್ದೇ ತಡ, ಸಾರ್ಪಾಂಗ್ ಅಂಗಳಕ್ಕಿಳಿದ. ಕನ್ನಡಕವಿಲ್ಲದ ಕಣ್ಣಿಗೆ ಪಕ್ಕದ ಕೋಣೆಯ ಪೊಕುವಾಳ ಒರಳು ಕಾಣಲಿಲ್ಲ. ಬೊಂಸುವಿನ ಕಿಟಕಿಯ ಬಳಿಯೇ ಎಡವಿದ, ಮೊಸಳೆ ಹಾರಿ ಅವಳು ತೊಳೆಯುತ್ತಿದ್ದ ಅಲಸಂದೆಯ ಬೋಗುಣಿಗೆ ಬಿತ್ತು.

ಪೊಕುವಾ ಅದನ್ನೆತ್ತಿ ನೋಡಿದಳು. “ಮಾವ, ಬೊಂಸು ಮಾವಂಗೆ ಮಾತು ಕಳಿಸ್ತಿದ್ದೀರಾ? ಮೊಸಳೆ ತಾನೇ ನಡ್ಕೊಂಡು ಹೋಗಿದ್ರೂ ನಿಮಗಿಂತ ಬೇಗ ತಲುಪ್ತಿತ್ತು.”

ಅಲ್ಲಿ ಒಂದೊಂದು ಹಿತ್ತಾಳೆ ಬೊಂಬೆಗೂ ಒಂದೊಂದು ಗಾದೆ; ಬೊಂಬೆ ಕಳಿಸಿದರೆ ಅದರ ಗಾದೆಯನ್ನೇ ಕಳಿಸಿದಂತೆ. ಹೊಟ್ಟೆ ಒಂದೇ ಆಗಿರುವಾಗ ಎರಡು ಬಾಯಿಗಳ ಜಗಳ ಏಕೆ ಎಂಬುದು ಇದರ ಗಾದೆ. ಸಾರ್ಪಾಂಗ್ ಅಲ್ಲವೆಂದ, ಯಾರೂ ಕೇಳಲಿಲ್ಲ. ಹಲ್ಲುಕಡ್ಡಿ ಅಗಿಯುತ್ತ ಬಂದ ಚರ್ಚಿನ ಉಪದೇಶಿ ಬೊಆದಿ, ಮಾತನ್ನು ಕಿಟಕಿಯಿಂದ ತೂರುವುದು ಪದ್ಧತಿಯಲ್ಲ, ಅದಕ್ಕೊಬ್ಬ ವಕ್ತಾರ ಬೇಕು ಎಂದು ತೀರ್ಪಿತ್ತ. ವಕ್ತಾರನಾಗಿ ತನ್ನನ್ನೇ ನೇಮಿಸಿಕೊಂಡು, ಒಳ್ಳೆಯ ಬಟ್ಟೆ ಹೊದ್ದು ಬಂದ.

ಎಂಟು ಗಂಟೆಗೆ ಅಂಗಳದಲ್ಲಿ ಎದುರುಬದುರು ಕುರ್ಚಿಗಳಿದ್ದವು, ಇಡೀ ವಠಾರವಿತ್ತು. ಕಿವಿಯಲ್ಲಿ ಸೋಪಿನ ನೊರೆಯಿದ್ದ ಬೊಂಸುವನ್ನು ಕೂರಿಸಿ, ಮೊದಲು ನೀರು ಕೊಟ್ಟರು. ಬೊಆದಿ ಅರ್ಧ ಗಂಟೆ ಮಾತಾಡಿ ಮೊಸಳೆಯನ್ನು ಅವನ ಅಂಗೈಯಲ್ಲಿಟ್ಟ. ಸಾರ್ಪಾಂಗ್ ಮುಚ್ಚಿದ ಮಡಕೆಯೊಳಗಿನ ಗೆಣಸಿನಂತೆ ಬೆವರುತ್ತಿದ್ದ. ಈಗ ಬೊಂಸು ತನ್ನನ್ನು ಕಳ್ಳ ಎನ್ನುತ್ತಾನೆ ಎಂದುಕೊಂಡ.

“ತಪ್ಪು ನಂದು ಕಣೋ,” ಎಂದ ಬೊಂಸು. ಅವನ ಕಣ್ಣು ಒದ್ದೆಯಾಗಿತ್ತು. “ನನ್ನ ಮೊಸಳೆ ಆ ವಾರಾನೇ ಸಿಕ್ತು. ಹಬ್ಬದ ಬಟ್ಟೆ ಮಡಿಕೇಲಿತ್ತು. ನಿಂಗೆ ಹೇಳೋಕೆ ಮುಖ ಇರ್ಲಿಲ್ಲ.”

“ಹಾಗಾದ್ರೆ ಇದು?”

ಬೊಂಸು ಬೊಂಬೆಯನ್ನು ಮಗುಚಿದ. ಹೊಟ್ಟೆಯಡಿ ಬಿಳಿ ಬಣ್ಣದಲ್ಲಿ ಹದಿನೇಳು ಎಂಬ ಅಂಕಿ. ಸಾರ್ಪಾಂಗ್ ಬೊಆದಿಯ ಕನ್ನಡಕ ಕೇಳಿ ಹಾಕಿಕೊಂಡು ನೋಡಿದ. ಅವನದೇ ಕೈಬರಹ. ಎಂದೋ ಒಂದು ರಾಶಿಯ ಜೊತೆ ಕೊಂಡು, ತನ್ನ ಸಂಗ್ರಹದ ಅಂಕಿ ಬರೆದು, ಮರೆತದ್ದು.

“ಮಣೆ ತರ್ಲಾ?” ಎಂದ ಬೊಂಸು.

ಸಾರ್ಪಾಂಗ್ ಕನ್ನಡಕ ಹಿಂದಿರುಗಿಸಿದ. “ಹನ್ನೊಂದು ವರ್ಷ ನಿಂಗೆ ಗೊತ್ತಿತ್ತು.”

“ನೀನೇ ಮೊದ್ಲು ಮಾತಾಡ್ತೀಯ ಅಂತ ಕಾದೆ.”

“ಸರಿ. ನನ್ನ ಮೊಸಳೆ ನಂಗೆ ಕೊಡು.”

ಮಾತಿನ ಜೊತೆ ಬಂದದ್ದನ್ನು ವಾಪಸು ಕೇಳುವಂತಿಲ್ಲ ಎಂದು ಬೊಆದಿ ತಡೆದ. ತಾನು ಯಾವ ಮಾತನ್ನೂ ಕಳಿಸಿಲ್ಲವೆಂದು ಸಾರ್ಪಾಂಗ್ ಹೇಳಿದ.

“ಮತ್ತೆ ಅದನ್ನ ಹಿಡ್ಕೊಂಡು ನನ್ನ ಕಿಟಕಿ ಹತ್ರ ಏನ್ ಮಾಡ್ತಿದ್ದೆ?” ಎಂದು ಕೇಳಿದ ಬೊಂಸು.

ಸಾರ್ಪಾಂಗ್ ಬೊಂಬೆಗೆ ಕೈ ಚಾಚಿದ. ಬೊಂಸು ಎದ್ದು, ಮೊಸಳೆಯೊಂದಿಗೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಈಗ ಮೊಸಳೆ ಕದ್ದವನು ಬೊಂಸು ಎಂದು ಹೇಳುತ್ತಿರುವವನು ಸಾರ್ಪಾಂಗ್. ಆ ಸಂಜೆ ಐದೂವರೆಗೆ ಅವನು ಅಳಗುಳಿ ಮಣೆ ತೆಗೆದ. ಎಡಗೈ ಗೆದ್ದಿತು.