ಸಂಜೀ ಚಹಾದ ತನಕದ ಸನ್ಯಾಸ

ನಮ್ಮ ಸೋದರಮಾವನಷ್ಟು ಸಲ ಸಂಸಾರ ಬಿಟ್ಟವರು ಇಡೀ ಸೇಡಂ ತಾಲೂಕಿನಾಗ ಇನ್ನೊಬ್ಬರು ಇರಲಿಕ್ಕಿಲ್ಲ! ಮಧ್ಯಾಹ್ನ ಉಂಡು ಸಂಸಾರ ಬಿಟ್ಟರ, ಸಂಜೀ ಚಹಾದ ಹೊತ್ತಿಗೆ ಮತ್ತ ಹಾಜರ್. ರಿಟೈರ್ಡ್ ಮಾಸ್ತರು, ಮುಂಜಾನೆ ಗೀತಾ ಪಾರಾಯಣ ತಪ್ಪಿಸಿದವರಲ್ಲ. ಕಟ್ಟಿ ಮ್ಯಾಲ ಕುಂತು, "ಯಾರಿಗೆ ಯಾರೋ! ಹೆಂಡತಿ ಅನ್ನೋದೂ ಮಾಯಾ" ಅಂತಿದ್ರು. ಒಳಗಿಂದ ಅತ್ತಿ, "ಹಂಗಾದ್ರ ರೊಟ್ಟಿ ಬಡಿಯಾಕತ್ತಾಕಿ ಯಾರ್ರಿ? ಬರ್ರಿ, ಆರ್ತಾವ" ಅಂತಿದ್ಳು. ಮಾವ ಎದ್ದು ಹೋಗ್ತಿದ್ರು. ಬಿಸಿ ರೊಟ್ಟಿ ಮುಂದ ಯಾವ ವೇದಾಂತ!

ಕಾಶಿಗೆ ಹೋದವರು ಪ್ರೀತೀದು ಏನರೆ ಒಂದು ಅಲ್ಲೇ ಬಿಟ್ಟು ಬರೋದು ನಮ್ಮಲ್ಲಿ ಪದ್ಧತಿ. ಹೆಚ್ಚಿನವರು ಹಾಗಲಕಾಯಿ ಬಿಟ್ಟು ಪುಣ್ಯ ಗಿಟ್ಟಿಸ್ತಾರ. ಮಾವ ಅಂಥವರಲ್ಲ, ಸಿಟ್ಟು ಬಿಟ್ಟು ಬಂದ್ರು! ಮಾವ, ಅತ್ತಿ ಇಬ್ರನ್ನೂ ಕರ್ಕೊಂಡು ಬರಲಿಕ್ಕೆ ನಾನು ವಾಡಿ ಜಂಕ್ಷನ್ನಿಗೆ ಹೋಗಿದ್ದೆ. ಚಹಾದವ ಆರಿದ ಚಹಾ ಕೊಟ್ಟದ್ದೇ ತಡ, ಪ್ಲಾಟ್‌ಫಾರ್ಮ್ ತುಂಬ ಮಾವನ ಆರ್ಭಟ. ಅತ್ತಿ ಗಂಟು ಇಳಿಸಿಕೋತ ಕೇಳಿದ್ಳು: "ಕಾಶಿಯಾಗ ಬಿಟ್ಟಿದ್ರಲ್ಲ, ಅದೂ ಇದೇ ಗಾಡಿಗೆ ಬಂತೇನ್ರಿ?" ಅವತ್ತು ಭಾಳ ನಕ್ಕಿದ್ದೆ. ಈಗ ನೆನಸಿದ್ರ ನಗು ಬರಂಗಿಲ್ಲ.

ಯಾಕಂದ್ರ ಆ ಅತ್ತಿ ಹೋದ ವರ್ಷ ಹಾಸಿಗಿ ಹಿಡಿದ್ಳು. ಡಾಕ್ಟರು ಮನೀಗೆ ಕರ್ಕೊಂಡು ಹೋಗ್ರಿ ಅಂದುಬಿಟ್ರು. ಮಾತು ನಿಂತಿತ್ತು, ನೀರು ಇಳೀತಿರಲಿಲ್ಲ, ಆದ್ರೂ ಜೀವ ಹೋಗವಲ್ದು. ಕಣ್ಣು ಮಾವನ ಮ್ಯಾಲೇ. ಆ ನರಳಾಟ ಯಾವ ವೈರಿಗೂ ಬ್ಯಾಡಪ್ಪಾ! ಬಾಜೂ ಮನೀ ಮುದುಕಿ ಮಾವಗ ಅಂದ್ಳು: "ನಿಮ್ಮ ಚಿಂತ್ಯಾಗ ಸಿಕ್ಕೊಂಡಾಳ್ರಿ ಮಾಸ್ತರ್. ನಾ ಆರಾಮ ಇರ್ತೀನಿ, ನೀ ಹೋಗು ಅನ್ರಿ. ಪಾಪ, ಬಿಡುಗಡಿ ಆಗ್ಲಿ."

ಊರಿಗೆಲ್ಲ ವೈರಾಗ್ಯ ಹೇಳಿದ ಮನುಷ್ಯಾಗ ಅಷ್ಟು ಮಾತು ಬಾಯಿಗೆ ಬರವಲ್ದು! ಹೊರಗ ಹೋದ್ರು, ಒಳಗ ಬಂದ್ರು, ಮತ್ತ ಹೊರಗ ಹೋದ್ರು. ಕಡೀಕ ಆಕಿ ತಲಿ ಮ್ಯಾಲ ಕೈಯಿಟ್ಟು, ಪಾಠ ಒಪ್ಪಿಸಿದಂಗ ಅಂದ್ರು: "ನಾ ಎಲ್ಲಾ ಬಿಟ್ಟೀನಿ. ನಿನ್ನೂ ಬಿಟ್ಟೀನಿ. ಆರಾಮ ಇರ್ತೀನಿ. ನೀ ಹೋಗು." ಸಂಜೀಗೆ ದೀಪಾ ಹಚ್ಚೋದ್ರಾಗ ಅತ್ತಿ ಹೋದ್ಳು.

ಮರುದಿನ ಸುಡುಗಾಡಿನಿಂದ ಹೊಂಟಾಗ, "ಹಿಂದ ನೋಡಬ್ಯಾಡ್ರಿ" ಅಂತ ಭಟ್ಟರು ಎಲ್ಲಾರಿಗೂ ಹೇಳಿದ್ರು. ಮಾವ ನಿಂತು, ಪೂರಾ ತಿರುಗಿ ನೋಡಿದ್ರು. ನಾನು ರಟ್ಟಿ ಹಿಡಿದು, "ನಡೀರಿ ಮಾವಾ" ಅಂದೆ.

"ಲಗ್ನ ಆದಾಗಿಂದ ಆಕೀಗೆ ಒಂದು ಸುಳ್ಳು ಹೇಳಿದ್ದಿಲ್ಲೋ," ಅಂದ್ರು. "ಕಡೀಕ ಸುಳ್ಳು ಹೇಳಿ ಕಳಿಸಿದೆ."