ಬೀಗರಿಗೆ ಹಾಲು, ನನಗ ಸೂಜಿ?

ದವಾಖಾನೆಯಲ್ಲಿ ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಬಂದು ಅಡ್ಮಿಟ್ ಆಗುತ್ತದೆ. ನಾನು ಹುಕ್ಕೇರಿಯವಳು, ಗೋಕಾಕದಲ್ಲಿ ಸಿಸ್ಟರ್. ನಮ್ಮ ಸೀಮೆಯ ಮಂದಿ ನೋವು ತಡೆದುಕೊಳ್ಳುತ್ತಾರೆ, ಮರ್ಯಾದೆ ಕಡಿಮೆಯಾದರೆ ಮಾತ್ರ ತಡೆಯುವುದಿಲ್ಲ. ಅದಕ್ಕೇ ಅವರೆಂದರೆ ನನಗೆ ಹೆಮ್ಮೆ.

೧. ಪಂಕ್ತಿಭೇದ

ಹುಕ್ಕೇರಿ ಕಡೆಯ ಕಾಕಾ ಒಬ್ಬರು ಪ್ರೊಸ್ಟೇಟ್ ಕ್ಯಾನ್ಸರ್ ಅಂತ ಬಂದಿದ್ದರು. ಅದೇ ವಾರ ಅವರ ಮೂಡಲಗಿ ಬೀಗರು ಕರುಳಿನ ಆಪರೇಷನ್‌ಗೆ ಬಂದರು. ಮಾತಿಗೆ ಜೊತೆಯಾಗಲಿ ಎಂದು ಬಾಜೂ ಬಾಜೂ ಹಾಸಿಗೆ ಕೊಟ್ಟೆ. ಬೀಗರು ಬಾಯಿಂದ ಉಣ್ಣುವಂತಿರಲಿಲ್ಲ, ನರದ ಮೂಲಕ ಕೊಡುವ, ಹಾಲಿನಂತೆ ಬೆಳ್ಳಗಿನ ಆಹಾರದ ದೊಡ್ಡ ಚೀಲ ತೂಗುಹಾಕಿದೆವು. ನಾನು ಸೂಜಿ ಹಿಡಿದು ಬಂದದ್ದೇ ತಡ, ಕಾಕಾ ಅಂಗಿ ಎಳೆದುಕೊಂಡು ಎದ್ದು ಕೂತರು.

"ಒಂದ ಪಂಕ್ತ್ಯಾಗ ಬೀಗರಿಗೆ ಚೀಲ ತುಂಬ ಹಾಲು, ನನಗ ಸೂಜಿ? ಮಗಳನ್ನ ಕೊಟ್ಟಾಂವ ಅಂತ ದವಾಖಾನ್ಯಾಗೂ ನಾ ಕಡಿಮಿ ಏನ್ರಿ? ನನಗ ಬ್ಯಾಡ. ನಾ ಊರಿಗೆ ಹೊಂಟೆ!"

೨. ಮೇವು ಮತ್ತು ಕಳೆ

ಆ ಸೂಜಿ ತಪ್ಪಿದರೆ ಕಾಕಾನ ರೋಗ ಬೆಳೆಯುತ್ತಿತ್ತು. ನಾನು ಹಾಸಿಗೆಯ ಅಂಚಿಗೆ ಕೂತೆ.

"ಕಾಕಾ, ಅವರದು ಊಟ. ಇವತ್ತ ಹಾಕಿದ್ದು ನಾಳಿಗೆ ಮುಗೀತೈತಿ. ನಿಮ್ಮದು ಔಷಧ, ಒಮ್ಮೆ ಚುಚ್ಚಿದ್ರ ಮೂರು ತಿಂಗಳ ದುಡಿತೈತಿ."

ಕಾಕಾ ಗಡ್ಡ ಕೆರೆದುಕೊಂಡರು. "ಅಂದ್ರ ಅವರದು ಎತ್ತಿಗೆ ಮೇವ ಹಾಕಿದಂಗ, ನಂದು ಹೊಲದಾಗಿನ ಕಸಾ ತಗದಂಗ. ಹೌದಲ್ರಿ? ಹಂಗಾದ್ರ ಚುಚ್ಚ್ರಿ!" ಎಂದು ಹೊಟ್ಟೆ ಕೊಟ್ಟರು.

ಕೇಳುತ್ತ ಮಲಗಿದ್ದ ಬೀಗರು ತಲೆ ಎತ್ತಿದರು. "ಸಿಸ್ಟರ್, ಈ ಹಾಲು ತಗೀರಿ. ನನಗೂ ಮೂರು ತಿಂಗಳದ್ದ ಹಾಕ್ರಿ."

೩. ಬೆವರು

ಆ ಸೂಜಿಯಿಂದ ಕೆಲವರಿಗೆ ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರ ಹಾಗೆ ಇದ್ದಕ್ಕಿದ್ದಂತೆ ಮೈ ಕಾದು ಬೆವರುತ್ತದೆ. ಹೆದರಿ ಬಿಟ್ಟವರೂ ಉಂಟು. ಮೂರು ತಿಂಗಳು ತುಂಬಿದಾಗ ಕಾಕಾ ಬರುತ್ತಾರೋ ಇಲ್ಲವೋ ಎಂದು ನನಗೆ ಅಳುಕಿತ್ತು. ಬಂದರು. ಬಂದರು ಅನ್ನುವುದಕ್ಕಿಂತ ಅವರ ಹೆಂಡತಿ ಕಾಕು ಎಳೆದುಕೊಂಡು ಬಂದರು ಅನ್ನಬೇಕು.

"ಮೈಯಾಗ ಒಲಿ ಹಚ್ಚಿದಂಗ ಆಕ್ಕೈತ್ರಿ ಸಿಸ್ಟರ್, ಸೂಜಿ ಸಾಕು," ಎಂದರು ಕಾಕಾ, ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ.

ಕಾಕು ಭುಜ ಹಿಡಿದು ಕೂರಿಸಿದರು. "ನನಗ ಹಿಂಗ ಆದಾಗ 'ಸೋಗ ಮಾಡಬ್ಯಾಡ, ರೊಟ್ಟಿ ಬಡಿ' ಅಂದಿದ್ರಿ. ಬೆವರಕೋತನ ಬಡದೇನಿ. ನಿಮಗ ರೊಟ್ಟಿ ಬಡಿಯೂ ಕೆಲಸಾನೂ ಇಲ್ಲ. ಸುಮ್ಮನ ತಗೊಳ್ರಿ!"

ಕಾಕಾ ಅಂಗಿ ಎತ್ತಿದರು. ಆ ಕಾಕುವನ್ನು ನೋಡಿ ನನ್ನ ಎದೆ ಉಬ್ಬಿತು. ಸೂಜಿ ಆದಮೇಲೆ ಕಾಕಾ ಮೆಲ್ಲಗೆ ಅಂದರು, "ಈ ಬೆವರಿನ ಸುದ್ದಿ ಬೀಗರಿಗೆ ಗೊತ್ತಾಗಬಾರದ್ರಿ."

ಕಾಕು ಸೆರಗು ಸರಿಮಾಡಿಕೊಂಡರು. "ನಿನ್ನೆನ ಫೋನ್ ಹಚ್ಚಿ ಹೇಳೇನಿ. ಬೀಗರು ಈಗ ತಮ್ಮ ಹಾಲ ಛಲೋ ಇತ್ತು ಅನ್ನಾಕತ್ತಾರ."