ಕತ್ತರಿಗೊಂದು ತಲೆ

ವೆಂಡಲ್ ಕ್ರುಗರ್‌ನ ಕಷ್ಟಕ್ಕೆಲ್ಲ ಕಾರಣ ನಿವೃತ್ತ ಟೀಚರ್ ಲೊರೇನ್‌ಳ ಒಳ್ಳೆಯ ಮನಸ್ಸು. ಕೆಟ್ಟ ಮನಸ್ಸಿನವರಿಂದ ಹೇಗಾದರೂ ತಪ್ಪಿಸಿಕೊಳ್ಳಬಹುದು. ಒಳ್ಳೆಯ ಮನಸ್ಸಿನವರ ಕೈಗೆ ಸಿಕ್ಕಿದರೆ ಮುಗಿಯಿತು.

ವೆಂಡಲ್ ವಿಸ್ಕಾನ್ಸಿನ್ನಿನ ಆ ಪುಟ್ಟ ಊರಿನ ಕ್ಷೌರಿಕ. ತಿಂಗಳಿಗೆರಡು ದಿನ ಮೀಸಲು ಪಡೆಯ ಸಿಪಾಯಿಯೂ ಹೌದು. ಕಳೆದ ವರ್ಷ ಕರೆ ಬಂದಾಗ ಅಂಗಡಿಗೆ ಬೀಗ ಜಡಿದು ಕುವೈತಿಗೆ ಹೋದವನು, ಹನ್ನೊಂದು ತಿಂಗಳು ಲಾರಿ ಓಡಿಸಿದ. ಬಿಡುವಿದ್ದಾಗ ಜೊತೆಯವರ ತಲೆಗೆ ಮೆಷಿನ್ ಹೊಡೆದ. ತಲೆಗೆ ಮೂರು ನಿಮಿಷ, ಕತ್ತರಿಗೆ ಕೆಲಸವೇ ಇಲ್ಲ. ಉಳಿದವರ ಕನಸಿನಲ್ಲಿ ಹೆಂಡತಿಯರು ಬಂದರೆ ಇವನ ಕನಸಿನಲ್ಲಿ ಮುದುಕ ಆರ್ಲೋನ ಹಿಂಗತ್ತು ಬರುತ್ತಿತ್ತು. ರೈಲ್ವೆಯಲ್ಲಿದ್ದ ಆರ್ಲೋ ಹದಿನೈದು ದಿನಕ್ಕೊಮ್ಮೆ ಮಂಗಳವಾರ ಬಂದು ಕುರ್ಚಿಯಲ್ಲಿ ಒರಗುತ್ತಿದ್ದ. ಬಿಳಿ ಕೂದಲ ಮೇಲೆ ಕತ್ತರಿ ಚಕಚಕ ಎನ್ನುತ್ತಿದ್ದರೆ, ಗಾಳದಿಂದ ತಪ್ಪಿಸಿಕೊಂಡ ಮೀನಿನ ಕತೆ ಹೇಳುತ್ತಿದ್ದ. ಪ್ರತಿಸಲವೂ ಮೀನು ಒಂದು ಗೇಣು ಬೆಳೆದಿರುತ್ತಿತ್ತು. ಆ ಸದ್ದಿಗೆ, ಆ ಸುಳ್ಳಿಗೆ, ಆ ಪೌಡರಿನ ವಾಸನೆಗೆ ವೆಂಡಲ್ ಮರಳುಗಾಡಿನಲ್ಲಿ ಹಂಬಲಿಸಿ ಹಂಬಲಿಸಿ ಸೊರಗಿದ್ದ.

ಮರಳಿ ಬಂದರೆ ಗಿರಾಕಿಗಳೆಲ್ಲ ಹೆದ್ದಾರಿ ಪಕ್ಕದ ಹೊಸ ಅಂಗಡಿ ಪಾಲಾಗಿದ್ದರು. ಕಟ್ಟಡದ ಯಜಮಾನ, ಪಕ್ಕದ ಹಾರ್ಡ್‌ವೇರ್ ಅಂಗಡಿಯ ಗಸ್, ಮುಖ ನೋಡದೆ ಹೇಳಿದ್ದ: "ಥ್ಯಾಂಕ್ಸ್‌ಗಿವಿಂಗ್ ಹಬ್ಬದ ತನಕ ನೋಡೋಣಪ್ಪ. ಅಷ್ಟರಲ್ಲಿ ವ್ಯಾಪಾರ ಕುದುರದಿದ್ರೆ ಬಿಟ್ಟುಕೊಡು." ನವೆಂಬರ್ ಕೊನೆಯ ಆ ಹಬ್ಬಕ್ಕೆ ಆರು ವಾರ ಉಳಿದಿತ್ತು.

ಸುದ್ದಿ ಲೊರೇನ್ ಕಿವಿಗೆ ಬಿತ್ತು. "ದೇಶ ಕಾದು ಬಂದೋನ ಅಂಗಡಿ ಮುಚ್ಚೋಕೆ ಬಿಡ್ತೀವಾ? ಶನಿವಾರ ಊರಿಗೂರೇ ನಿನ್ನ ಕುರ್ಚೀಲಿ ಕೂರತ್ತೆ!"

"ಎಲ್ರೂ ಒಂದೇ ದಿನ ಯಾಕೆ ಮೇಡಂ? ದಿನಕ್ಕೆ ನಾಲ್ಕು ಜನ ಬಂದ್ರೆ..."

"ಮೂರನೇ ಕ್ಲಾಸಲ್ಲೂ ನೀನು ಹೀಗೇ ಎದುರುತ್ತರ ಕೊಡ್ತಿದ್ದೆ."

ಶನಿವಾರ ಸಾಲು ಚರ್ಚಿನವರೆಗೂ ಬೆಳೆಯಿತು. ಲೊರೇನ್ ಸೀಟಿ ಹಿಡಿದು ಬಾಗಿಲಲ್ಲಿ ನಿಂತಳು. ಬಾಚಣಿಗೆ ಇಡುವ ಜಾಗದಲ್ಲೆಲ್ಲ ಬಾವುಟ ಚುಚ್ಚಿದ ಕೇಕುಗಳು. ಮೊದಲು ಕೂತವನು ಗಸ್. ವೆಂಡಲ್ ಆಸೆಯಿಂದ ಕತ್ತರಿ ತೆಗೆದ.

"ಕತ್ತರಿ ಬೇಡ ಮಾರಾಯಾ," ಎಂದ ಗಸ್ ಎಲ್ಲರಿಗೂ ಕೇಳುವಂತೆ. "ನಿನ್ನ ಸೇವೆಗೊಂದು ನಮಸ್ಕಾರ. ಸಿಪಾಯಿಗಳಿಗೆ ಹೊಡೀತಿದ್ಯಲ್ಲ, ಆ ಮಿಲಿಟರಿ ಕಟಿಂಗೇ ಹೊಡಿ."

"ಗಸ್, ನಿನಗದು ಒಪ್ಪಲ್ಲ ಕಣೋ. ನಿನ್ನ ಕಿವಿ ನೋಡ್ಕೋ."

"ದೇಶಕ್ಕಿಂತ ಕಿವಿ ದೊಡ್ಡದಾ?"

ಸಾಲಿಗೆ ಸಾಲೇ ಚಪ್ಪಾಳೆ ತಟ್ಟಿತು. ಅದಾದ ಮೇಲೆ ಬೇರೆ ಕಟಿಂಗ್ ಕೇಳುವ ಗಂಡೆದೆ ಯಾರಿಗಿದೆ? ಪಾದ್ರಿ ಕೇಳಿದ್ದೂ ಮಿಲಿಟರಿ, ಅಂಚೆಯವನು ಕೇಳಿದ್ದೂ ಮಿಲಿಟರಿ. ಜುಟ್ಟು ಬಿಟ್ಟಿದ್ದ ಸಂಗೀತದ ಮೇಷ್ಟ್ರು "ತುದಿ ಮಾತ್ರ..." ಎಂದು ಬಾಯಿ ತೆರೆದವರು, ಲೊರೇನ್ ಕಣ್ಣು ಬಿಟ್ಟದ್ದೇ ತಡ, "ಪೂರ್ತಿ ತೆಗೀರಿ" ಎಂದು ಕಣ್ಣು ಮುಚ್ಚಿಕೊಂಡರು. ಬಾಗಿಲ ಗಂಟೆ ಬಾರಿಸಿದಾಗಲೆಲ್ಲ ವೆಂಡಲ್ ತಲೆಯೆತ್ತಿ ಆರ್ಲೋನನ್ನು ಹುಡುಕುತ್ತಿದ್ದ. ಆರ್ಲೋ ಬರಲಿಲ್ಲ.

ಸಂಜೆಗೆ ಐವತ್ಮೂರು ತಲೆ ಮುಗಿದವು. ಬೀದಿಯ ತುಂಬ ಸಿಪ್ಪೆ ಸುಲಿದ ಆಲೂಗಡ್ಡೆಗಳು ಅಕ್ಟೋಬರಿನ ಗಾಳಿಗೆ ಕೈ ಅಡ್ಡ ಹಿಡಿದು ಓಡಾಡುತ್ತಿದ್ದವು.

"ನೋಡಿದ್ಯಾ, ಒಂದೇ ದಿನಕ್ಕೆ ಎಷ್ಟು ಗಿರಾಕಿ!" ಎಂದು ಲೊರೇನ್ ಬೀಗಿದಳು.

"ಇವರ ಕೂದಲು ಮತ್ತೆ ಬೆಳೆಯೋದು ಯಾವಾಗ ಮೇಡಂ?"

ಲೊರೇನ್ ಬೆರಳು ಮಡಚಿ ಎಣಿಸಿದಳು. ಲೆಕ್ಕ ಹಬ್ಬ ದಾಟಿತು, ಕ್ರಿಸ್‌ಮಸ್ಸನ್ನೂ ದಾಟಿತು. ಸೀಟಿಯನ್ನು ಮೆಲ್ಲಗೆ ಚೀಲಕ್ಕೆ ಹಾಕಿ ಹೊರಟಳು. ಗಸ್ ಕಿಟಕಿಯಲ್ಲಿ ಇಣುಕಿ, "ಕೂದಲು ಬಂದ್ಮೇಲೆ ಖಂಡಿತ ಬರ್ತೀನಿ ಕಣೋ" ಎಂದ.

ಬಾಗಿಲು ಹಾಕುವಷ್ಟರಲ್ಲಿ ಗಂಟೆ ಸದ್ದಾಯಿತು. ಆರ್ಲೋ! ಅವನು ಉಣ್ಣೆಯ ಟೋಪಿ ತೆಗೆದ. ಬೆಳ್ಳಗಿನ ಕೂದಲು ಹೆಗಲ ಮೇಲೆ ಜಾರಿತು.

"ಹೆದ್ದಾರಿಯವನಿಗೆ ತಲೆ ಕೊಡ್ತೀನೇನೋ? ನೀನು ಬರೋವರೆಗೂ ಯಾರಿಗೂ ಮುಟ್ಟಿಸಲ್ಲ ಅಂದಿದ್ದೆ."

ವೆಂಡಲ್ ಅವನನ್ನು ಕುರ್ಚಿಯಲ್ಲಿ ಕೂರಿಸಿದ. ವರ್ಷವಿಡೀ ಕಾದದ್ದು ಇದಕ್ಕೇ. ಬಟ್ಟೆ ಹೊದಿಸಿದ, ನೀರು ಚಿಮುಕಿಸಿ ಬಾಚಿದ, ಕತ್ತರಿ ಎತ್ತಿಕೊಂಡ. "ಎಷ್ಟು ತೆಗೀಲಿ ಅಜ್ಜಾ?"

ಆರ್ಲೋ ಹುಡುಗನಂತೆ ಕೆಂಪಾದ. "ಅದನ್ನೇ ಹೇಳೋಕೆ ಬಂದೆ. ಬೆಳಗ್ಗೆಯಿಂದ ಧೈರ್ಯ ಸಾಲಲಿಲ್ಲ ಕಣಪ್ಪ. ಬೇಕರಿ ಬರ್ನಿಸ್ ಇದಾಳಲ್ಲ, ಶುಕ್ರವಾರದ ಮೀನೂಟಕ್ಕೆ ಈಗ ನನ್ನ ಪಕ್ಕನೇ ಕೂರ್ತಾಳೆ. ಈ ಕೂದಲು ನೋಡೇ ಕೂತಿದ್ದಂತೆ. ಕತ್ತರಿಸಿದ್ರೆ ಮಾತು ಬಿಡ್ತಾಳಂತೆ."

ಕತ್ತರಿ ಹಾಗೇ ನಿಂತಿತು. ಇಡೀ ಊರಲ್ಲಿ ಉಳಿದಿದ್ದ ಒಂದೇ ತಲೆ!

"ಆದ್ರೂ ಸ್ವಲ್ಪ ಹೊತ್ತು ಕೂತಿರ್ಲಾ?" ಎಂದ ಆರ್ಲೋ ಕುರ್ಚಿಗೆ ಒರಗಿ. "ಆ ಸದ್ದು ಕೇಳಿ ವರ್ಷ ಆಯ್ತು."

ವೆಂಡಲ್ ಅವನ ಕಿವಿಯ ಪಕ್ಕದ ಗಾಳಿಯನ್ನು ಕತ್ತರಿಸತೊಡಗಿದ. ಚಕಚಕ, ಚಕಚಕ. ಆರ್ಲೋ ಕಣ್ಣು ಮುಚ್ಚಿ ಮೀನಿನ ಕತೆ ಶುರು ಮಾಡಿದ. ಅದೀಗ ದೋಣಿಗಿಂತ ಉದ್ದವಾಗಿತ್ತು. ವೆಂಡಲ್ ಹೂಂಗುಡುತ್ತ, ನಡುನಡುವೆ ಹಳೆಯ ಅಭ್ಯಾಸದಂತೆ ಮುದುಕನ ಹೆಗಲು ಕೊಡವುತ್ತಿದ್ದ. ಅಲ್ಲಿ ಕೊಡವಲು ಒಂದೆಳೆ ಕೂದಲೂ ಬಿದ್ದಿರಲಿಲ್ಲ.